ಪಹಣಿಯ ಪ್ರತಿ ಮತ್ತು ಪಹಣಿಯ ಸತ್ಯ: ತುಮಕೂರು ಉಪವಿಭಾಗದಲ್ಲಿ ಭೂದಾಖಲೆಗಳ ಗಣಕೀಕರಣ

1. ವಿಷಯದ ಮೇರೆ

ರಾಜ್ಯಾಡಳಿತವು ಪ್ರಜೆಗಳಿಗೆ ಸಲ್ಲಿಸುವ ಸೇವೆಗಳು ಹಲವು ಬಗೆಯವು. ಅವುಗಳಲ್ಲಿ ಭೂಮಿಯ ಹಕ್ಕಿನ ದಾಖಲೆಯನ್ನು ಕಾಪಾಡಿ, ಬೇಡಿದವರಿಗೆ ಅದರ ಪ್ರತಿಯನ್ನು ಕೊಡುವ ಸೇವೆಯು ಅತ್ಯಂತ ಹಳೆಯದು. ಬಹುಶಃ ಅತ್ಯಂತ ಹೆಚ್ಚು ಜನರನ್ನು ಮುಟ್ಟುವಂಥದು. ಕರ್ನಾಟಕದಲ್ಲಿ ಸರ್ಕಾರದ ಸೇವೆಗಳು ಕಾಗದದಿಂದ ಗಣಕಯಂತ್ರಕ್ಕೆ ವರ್ಗವಾದ ಇತಿಹಾಸವು ಮುಖ್ಯವಾಗಿ ಈ ಸೇವೆಯಿಂದಲೇ ಆರಂಭವಾಗುತ್ತದೆ. ಆದುದರಿಂದ ಈ ಲೇಖನದಲ್ಲಿ ನಾವು ಪಹಣಿಯೊಂದನ್ನೇ ಆರಿಸಿಕೊಂಡು, ಅದರ ಗಣಕೀಕರಣದಿಂದ ಏನು ಸಾಧಿತವಾಯಿತು, ಏನು ಉಳಿದುಕೊಂಡಿತು ಎಂಬುದನ್ನು ವಿವೇಚಿಸಲು ಉದ್ದೇಶಿಸಿದ್ದೇವೆ.

ವಿವೇಚನೆಗೆ ನಾವು ಆಯ್ದುಕೊಂಡ ಪ್ರದೇಶವು ತುಮಕೂರು ಉಪವಿಭಾಗ. ತುಮಕೂರು ಜಿಲ್ಲೆಯ ಹತ್ತು ತಾಲ್ಲೂಕುಗಳ ಪೈಕಿ ತುಮಕೂರು, ಗುಬ್ಬಿ ಮತ್ತು ಕುಣಿಗಲ್ ಎಂಬ ಮೂರು ತಾಲ್ಲೂಕುಗಳು ಈ ಉಪವಿಭಾಗಕ್ಕೆ ಸೇರುತ್ತವೆ. ಮೂರರ ಲಕ್ಷಣಗಳೂ ಬೇರೆ ಬೇರೆ. ತುಮಕೂರು ನಗರವು ದಿನೇ ದಿನೇ ಸುತ್ತಣ ಹೊಲಗಳತ್ತ ಚಾಚಿಕೊಳ್ಳುತ್ತಿರುವ ಮಹಾನಗರಪಾಲಿಕೆ. ಗುಬ್ಬಿಯು ತೆಂಗು ಅಡಕೆಗಳ ತೋಟದ ಸೀಮೆ. ಹೇಮಾವತಿಯ ನಾಲೆ ಬಂದ ಮೇಲೆ ಇಲ್ಲಿ ಗುಂಟೆ ಗುಂಟೆಗೂ ಬೆಲೆ ಬಂದಿದೆ. ಕುಣಿಗಲ್ ತಾಲ್ಲೂಕಿನಲ್ಲಿ ಒಂದೆಡೆ ದೊಡ್ಡಕೆರೆ ಮತ್ತು ಮಾರ್ಕೋನಹಳ್ಳಿಯ ಅಚ್ಚುಕಟ್ಟು, ಇನ್ನೊಂದೆಡೆ ಬೆಂಗಳೂರಿನ ಸಾಮೀಪ್ಯ. 2017ರಲ್ಲಿ ಬೆಂಗಳೂರು–ಹಾಸನ ರೈಲುಮಾರ್ಗವು ಈ ಊರಿನ ಮೂಲಕ ಪೂರ್ಣಗೊಂಡ ಮೇಲೆ ಆ ಸಾಮೀಪ್ಯವು ಮತ್ತಷ್ಟು ಹೆಚ್ಚಿತು. ಹೀಗೆ ನಗರದ ನಿವೇಶನ, ತೋಟದ ಹಿಸ್ಸೆ, ಮಾರಾಟಕ್ಕೆ ಬಂದ ಖುಷ್ಕಿ ಎಂಬ ಮೂರು ಬಗೆಯ ಭೂಮಿಯ ಸಮಸ್ಯೆಗಳನ್ನು ಒಂದೇ ಉಪವಿಭಾಗಾಧಿಕಾರಿಯ ಕಚೇರಿಯಲ್ಲಿ ಕಾಣಬಹುದು.

ನಾವು ಇಲ್ಲಿ ಅಂಕಿ-ಅಂಶಗಳ ಸಮೀಕ್ಷೆಯೊಂದನ್ನು ಮಂಡಿಸುತ್ತಿಲ್ಲ. ವ್ಯವಸ್ಥೆಯ ಅಂಗರಚನೆಯನ್ನು ತಿಳಿಯಾಗಿ ವಿವರಿಸುವುದಷ್ಟೇ ನಮ್ಮ ಗುರಿ.

2. ಪಹಣಿಯೆಂದರೇನು?

ಜನರು ಪಹಣಿ ಅಥವಾ ಆರ್.ಟಿ.ಸಿ. ಎಂದು ಕರೆಯುವ ಪತ್ರವು ಹಕ್ಕು, ಗೇಣಿ ಮತ್ತು ಬೆಳೆಗಳ ದಾಖಲೆ. ಇದರಲ್ಲಿ ಸರ್ವೆ ನಂಬರು ಮತ್ತು ಹಿಸ್ಸಾ ನಂಬರು, ಎಕರೆ ಗುಂಟೆಗಳಲ್ಲಿ ವಿಸ್ತೀರ್ಣ, ಸಾಗುವಳಿಗೆ ಬಾರದ ಖರಾಬು, ಮಣ್ಣಿನ ತರಹೆ, ಕಂದಾಯದ ಮೊಬಲಗು, ನೀರಾವರಿಯ ಮೂಲ ಇವೆಲ್ಲವೂ ದಾಖಲಾಗಿರುತ್ತವೆ. ರೈತನ ದೃಷ್ಟಿಯಿಂದ ಮೂರು ಕಾಲಂಗಳು ಮುಖ್ಯವಾದುವು. ಒಂಬತ್ತನೆಯ ಕಾಲಂನಲ್ಲಿ ಕಬ್ಜೇದಾರನ ಹೆಸರೂ ಅವನ ಪಾಲಿನ ವಿಸ್ತೀರ್ಣವೂ ಇರುತ್ತವೆ. ಹನ್ನೊಂದನೆಯದರಲ್ಲಿ ಸಾಲ, ಅಡಮಾನ ಮೊದಲಾದ ಇತರ ಹಕ್ಕುಗಳೂ ಋಣಗಳೂ ನಮೂದಾಗುತ್ತವೆ. ಹನ್ನೆರಡನೆಯದು ಸಾಗುವಳಿದಾರನನ್ನೂ ಬೆಳೆಯನ್ನೂ ಹೇಳುತ್ತದೆ.

ಈ ಪತ್ರದ ಕಾನೂನು ಸ್ವರೂಪವನ್ನು ಸರಿಯಾಗಿ ಅರಿಯುವುದು ಅವಶ್ಯಕ. 1964ರ ಕರ್ನಾಟಕ ಭೂಕಂದಾಯ ಕಾಯಿದೆಯ 133ನೆಯ ಪ್ರಕರಣದ ಪ್ರಕಾರ, ಹಕ್ಕು ದಾಖಲೆಯಲ್ಲಿನ ನಮೂದು ತಪ್ಪೆಂದು ರುಜುವಾತಾಗುವ ತನಕ, ಅಥವಾ ಅದರ ಬದಲಿಗೆ ಹೊಸ ನಮೂದು ಕ್ರಮಬದ್ಧವಾಗಿ ಬರುವ ತನಕ, ಸತ್ಯವೆಂದು ಭಾವಿಸತಕ್ಕದ್ದು. ಅಂದರೆ ಪಹಣಿಯು ಹಕ್ಕನ್ನು ಸೃಷ್ಟಿಸುವ ಪತ್ರವಲ್ಲ. ಹಕ್ಕು ಇದೆಯೆಂಬ ಪೂರ್ವಭಾವನೆಗೆ ಆಧಾರ ಮಾತ್ರ. 1858ರಲ್ಲಿ ದಕ್ಷಿಣ ಆಸ್ಟ್ರೇಲಿಯದಲ್ಲಿ ಜಾರಿಗೆ ಬಂದ ಟಾರೆನ್ಸ್ ಪದ್ಧತಿಯಲ್ಲಿ ಸರ್ಕಾರದ ಪುಸ್ತಕವೇ ಹಕ್ಕಿಗೆ ಮೂಲ, ಸರ್ಕಾರವೇ ಅದಕ್ಕೆ ಹೊಣೆ. ನಮ್ಮಲ್ಲಿ ಹಾಗಲ್ಲ. 1908ರ ನೋಂದಣಿ ಕಾಯಿದೆಯನ್ವಯ ಉಪನೋಂದಣಾಧಿಕಾರಿಯು ದಸ್ತಾವೇಜನ್ನು ನೋಂದಾಯಿಸುತ್ತಾನೆಯೇ ಹೊರತು ಮಾರಿದವನಿಗೆ ಹಕ್ಕಿತ್ತೇ ಎಂಬುದಕ್ಕೆ ಸರ್ಕಾರದ ಭರವಸೆಯನ್ನು ಕೊಡುವುದಿಲ್ಲ. ಈ ಭೇದವನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ. ಮುಂದೆ ಹೇಳುವ ಮಾತುಗಳೆಲ್ಲ ಇದನ್ನೇ ಆಧರಿಸಿವೆ.

3. ಶಾನುಭೋಗರಿಂದ ಗಣಕಯಂತ್ರದವರೆಗೆ

ಮೈಸೂರು ಸಂಸ್ಥಾನದಲ್ಲಿ ಕ್ರಮಬದ್ಧವಾದ ಕಂದಾಯ ಮೋಜಣಿಯು 1863ರಲ್ಲಿ ಮೊದಲಾಯಿತು. ಮೂವತ್ತಮೂರು ಅಡಿಯ ಸರಪಣಿಯನ್ನು ಹಿಡಿದು ಹೊಲಹೊಲವನ್ನೂ ಅಳೆದು, ಬಾಂದು ಕಲ್ಲುಗಳನ್ನು ನೆಟ್ಟು, ಪ್ರತಿ ಗ್ರಾಮಕ್ಕೂ ನಕ್ಷೆ ಮತ್ತು ಆಕಾರ್‌ಬಂದುಗಳನ್ನು ಸಿದ್ಧಪಡಿಸಿದರು. ಈ ಸರಪಣಿಯ ಚೌಕವೇ ಒಂದು ಗುಂಟೆ. ಅಂತಹ ನಲವತ್ತು ಗುಂಟೆಗಳು ಒಂದು ಎಕರೆ. ಊರಿನಲ್ಲಿ ಲೆಕ್ಕವನ್ನು ಬರೆದಿಡುವ ಕೆಲಸ ವಂಶಪಾರಂಪರ್ಯವಾಗಿ ಶಾನುಭೋಗರದಾಗಿತ್ತು. 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯಿದೆಯು 1963ರ ಫೆಬ್ರವರಿ 1ರಿಂದ ಜಾರಿಗೆ ಬಂದಾಗ ಆ ಪದ್ಧತಿಯು ಕೊನೆಗೊಂಡು, ಸಂಬಳದ ನೌಕರರಾದ ಗ್ರಾಮಲೆಕ್ಕಿಗರು ಆ ಸ್ಥಾನಕ್ಕೆ ಬಂದರು.

ಗ್ರಾಮಲೆಕ್ಕಿಗನ ಕೈಯಲ್ಲಿದ್ದ ಪುಸ್ತಕಕ್ಕೆ ಗುಣವೂ ಇತ್ತು, ದೋಷವೂ ಇತ್ತು. ಯಾರ ಹೊಲ ಯಾವುದು, ಯಾರ ತಂದೆ ಯಾರು, ಬದುವಿನ ವ್ಯಾಜ್ಯ ಎಂದಿನದು ಎಂಬ ಸ್ಥಳಜ್ಞಾನ ಅವನಿಗಿತ್ತು. ಆದರೆ ಪುಸ್ತಕವು ಅವನೊಬ್ಬನ ವಶದಲ್ಲಿದ್ದುದರಿಂದ, ಪ್ರತಿ ಬೇಕಾದವನು ಅವನನ್ನು ಹುಡುಕಿಕೊಂಡು ಅಲೆಯಬೇಕಾಗಿತ್ತು; ಅವನ ಮರ್ಜಿಗೆ ಕಾಯಬೇಕಾಗಿತ್ತು. ಹೆಸರು ತಿದ್ದಿದರೂ, ಹಾಳೆ ಬದಲಿಸಿದರೂ ಮೇಲಧಿಕಾರಿಗೆ ತಿಳಿಯುವ ಬಗೆಯಿರಲಿಲ್ಲ. ಇಡೀ ರಾಜ್ಯದಲ್ಲಿ ಸುಮಾರು ಒಂಬತ್ತು ಸಾವಿರ ಗ್ರಾಮಲೆಕ್ಕಿಗರ ಬಳಿ ಹಂಚಿಹೋಗಿದ್ದ ಈ ದಾಖಲೆಗಳನ್ನು ಪರಿಶೀಲಿಸುವುದು ತಹಶೀಲ್ದಾರರಿಗೆ ಅಸಾಧ್ಯವೇ ಆಗಿತ್ತು.

ಕೇಂದ್ರ ಸರ್ಕಾರವು 1988–89ರಲ್ಲಿ ದೇಶದ ಎಂಟು ಜಿಲ್ಲೆಗಳಲ್ಲಿ ಭೂದಾಖಲೆಗಳ ಗಣಕೀಕರಣವನ್ನು ಪ್ರಾಯೋಗಿಕವಾಗಿ ಕೈಗೊಂಡಿತು. ಕರ್ನಾಟಕದಲ್ಲಿ ಅದಕ್ಕೆ ಪೂರ್ಣ ಸ್ವರೂಪ ಬಂದದ್ದು ‘ಭೂಮಿ’ ಯೋಜನೆಯಲ್ಲಿ. ಕಂದಾಯ ಇಲಾಖೆಯಲ್ಲಿ ರಾಜೀವ್ ಚಾವ್ಲಾ ಅವರ ನೇತೃತ್ವದಲ್ಲಿ, ರಾಷ್ಟ್ರೀಯ ಮಾಹಿತಿ ಕೇಂದ್ರದ ತಂತ್ರಾಂಶದೊಡನೆ, ಮಂಡ್ಯ ಜಿಲ್ಲೆಯ ಮದ್ದೂರಿನಲ್ಲಿ ಮೊದಲು ಪ್ರಯೋಗಿಸಿ, 2002ರ ವೇಳೆಗೆ ರಾಜ್ಯದ ತಾಲ್ಲೂಕುಗಳಿಗೆಲ್ಲ ಇದನ್ನು ವಿಸ್ತರಿಸಲಾಯಿತು. ಸುಮಾರು 67 ಲಕ್ಷ ಭೂಮಾಲೀಕರ ಸುಮಾರು 2 ಕೋಟಿ ಪಹಣಿಗಳು ಯಂತ್ರದಲ್ಲಿ ದಾಖಲಾದುವು. ತಾಲ್ಲೂಕಿನ ಕೇಂದ್ರವು ತೆರೆದೊಡನೆ ಆ ತಾಲ್ಲೂಕಿನಲ್ಲಿ ಕೈಬರಹದ ಪಹಣಿಗೆ ಮಾನ್ಯತೆ ಇಲ್ಲವಾಯಿತು.

4. ಭೂಮಿ ಯೋಜನೆಯ ಕಾರ್ಯವಿಧಾನ

ಭೂಮಿ ಕೇಂದ್ರದಲ್ಲಿ ನಡೆಯುವ ಕೆಲಸಗಳನ್ನು ಎರಡಾಗಿ ವಿಂಗಡಿಸಬಹುದು. ಮೊದಲನೆಯದು ಪ್ರತಿ ನೀಡುವುದು. ಆರಂಭದಲ್ಲಿ 15 ರೂಪಾಯಿ ಶುಲ್ಕ ಕೊಟ್ಟು, ಸರ್ವೆ ನಂಬರನ್ನು ಹೇಳಿ, ಕೆಲವೇ ನಿಮಿಷಗಳಲ್ಲಿ ಯಾರ ಪಹಣಿಯನ್ನಾದರೂ ಯಾರು ಬೇಕಾದರೂ ಪಡೆಯುವಂತಾಯಿತು. ಗ್ರಾಮಲೆಕ್ಕಿಗನಿಗೆ ಕಾಯುವ ಪ್ರಮೇಯವೇ ತಪ್ಪಿತು.

ಎರಡನೆಯದು ಮ್ಯುಟೇಶನ್, ಎಂದರೆ ಖಾತೆ ಬದಲಾವಣೆ. ಕ್ರಯ, ವಿಭಾಗ, ದಾನ, ಪೌತಿ ಇವುಗಳಲ್ಲಿ ಯಾವುದರಿಂದ ಹಕ್ಕು ಬದಲಾದರೂ ಅರ್ಜಿಯನ್ನು ಯಂತ್ರದಲ್ಲಿ ದಾಖಲಿಸಿ ಕ್ರಮಸಂಖ್ಯೆಯುಳ್ಳ ರಸೀದಿಯನ್ನು ಕೊಡಬೇಕು. ಸಂಬಂಧಪಟ್ಟವರಿಗೆ ನೋಟೀಸು ಹೋಗಬೇಕು. ಚಾವಡಿಯಲ್ಲಿ ಅದರ ನಕಲನ್ನು ಅಂಟಿಸಬೇಕು. ಯೋಜನೆಯ ಆರಂಭದಲ್ಲಿ ಆಕ್ಷೇಪಣೆಗೆ 30 ದಿನಗಳ ಅವಕಾಶವಿದ್ದಿತು. ಈಚಿನ ವರ್ಷಗಳಲ್ಲಿ ನೋಂದಾಯಿತ ದಸ್ತಾವೇಜುಗಳ ವಿಷಯದಲ್ಲಿ ಈ ಕಾಲಾವಧಿಯನ್ನು ತಗ್ಗಿಸಲಾಗಿದೆ. ಆಕ್ಷೇಪಣೆ ಬಾರದಿದ್ದಲ್ಲಿ ಕಂದಾಯ ನಿರೀಕ್ಷಕನು ಆಜ್ಞೆ ಮಾಡುತ್ತಾನೆ. ಮೊದಲು ಬಂದ ಅರ್ಜಿಯೇ ಮೊದಲು ವಿಲೆಯಾಗಬೇಕೆಂಬುದು ನಿಯಮ. ಕೆಲಸ ಮಾಡಿದ ನೌಕರನು ಬೆರಳಚ್ಚಿನಿಂದ ತನ್ನನ್ನು ಗುರುತಿಸಿಕೊಂಡ ಹೊರತು ಯಂತ್ರವು ತಿದ್ದುಪಡಿಯನ್ನು ಒಪ್ಪುವುದಿಲ್ಲವಾಗಿ, ಯಾರು ಯಾವಾಗ ಏನನ್ನು ಬದಲಿಸಿದರೆಂಬುದಕ್ಕೆ ಗುರುತು ಉಳಿಯುತ್ತದೆ. ಹಿಂದಿನ ಪುಸ್ತಕದಲ್ಲಿ ಇಲ್ಲದಿದ್ದ ಈ ಗುಣವು ನಿಜವಾಗಿಯೂ ದೊಡ್ಡ ಲಾಭ.

ಭೂಮಿಯ ಸುತ್ತ ಕ್ರಮೇಣ ಇತರ ವ್ಯವಸ್ಥೆಗಳು ಬೆಳೆದುವು. 2003ರಲ್ಲಿ ಉಪನೋಂದಣಿ ಕಚೇರಿಗಳಿಗೆ ‘ಕಾವೇರಿ’ ತಂತ್ರಾಂಶ ಬಂದು, ಮುಂದೆ ಅದನ್ನು ಭೂಮಿಗೆ ಜೋಡಿಸಲಾಯಿತು. ಸರ್ವೆ ಇಲಾಖೆಗೆ ‘ಮೋಜಿಣಿ’ ಬಂದಿತು. ಒಂದು ಸರ್ವೆ ನಂಬರಿನ ಭಾಗವನ್ನು ಮಾರುವ ಮುನ್ನ 11ಇ ನಕ್ಷೆಯನ್ನು ಪಡೆಯಬೇಕೆಂಬ ನಿಯಮವಾಯಿತು. ಹೋಬಳಿಯ ಮಟ್ಟದಲ್ಲಿ ನೆಮ್ಮದಿ ಕೇಂದ್ರಗಳು ಬಂದು ಹೋಗಿ, 2012ರಲ್ಲಿ ಅಟಲ್‌ಜೀ ಜನಸ್ನೇಹಿ ಕೇಂದ್ರಗಳಾಗಿ ನಾಡಕಚೇರಿಗಳಲ್ಲಿ ನೆಲೆಗೊಂಡುವು. ಚೇಳೂರು, ನಿಟ್ಟೂರು, ಹಾಗಲವಾಡಿ, ಅಮೃತೂರು, ಹುಲಿಯೂರುದುರ್ಗಗಳಂತಹ ಹೋಬಳಿಗಳ ಜನರಿಗೆ ತಾಲ್ಲೂಕಿನ ಪ್ರಯಾಣವು ಇದರಿಂದ ಕೆಲಮಟ್ಟಿಗೆ ತಪ್ಪಿತು. 2013ರಲ್ಲಿ ಗ್ರಾಮ ಪಂಚಾಯಿತಿಗಳ ಆಸ್ತಿಗಳಿಗೆ ‘ಇ-ಸ್ವತ್ತು’ ಬಂದಿತು. ತುಮಕೂರಿನಂತಹ ನಗರಗಳಲ್ಲಿ ‘ಇ-ಆಸ್ತಿ’ ಜಾರಿಗೆ ಬಂದಿದೆ. 2018ರಲ್ಲಿ ‘ಸೇವಾಸಿಂಧು’ವೂ 2022ರಲ್ಲಿ ‘ಗ್ರಾಮ ಒನ್’ ಕೇಂದ್ರಗಳೂ ಈ ಸಾಲಿಗೆ ಸೇರಿದುವು. ಈಗ ಪಹಣಿಯನ್ನು ಮನೆಯಲ್ಲಿಯೇ ಕುಳಿತು ಕೈದೂರವಾಣಿಯಲ್ಲಿ ನೋಡಬಹುದು.

5. ಪ್ರತಿಯ ವೇಗ, ನಮೂದಿನ ಸತ್ಯ

ಇಷ್ಟನ್ನು ಹೇಳಿದ ಮೇಲೆ ಒಂದು ಪ್ರಶ್ನೆ ಏಳುತ್ತದೆ. ಪ್ರತಿಯು ಕ್ಷಣದಲ್ಲಿ ಕೈಗೆ ಬಂದಿತು, ನಿಜ. ಆದರೆ ಪ್ರತಿಯಲ್ಲಿರುವ ನಮೂದು ಹೊಲದಲ್ಲಿರುವ ಸಂಗತಿಗೆ ಸರಿಹೊಂದುತ್ತದೆಯೇ? ಇವೆರಡೂ ಬೇರೆ ಬೇರೆ ವಿಷಯಗಳು. ಗಣಕೀಕರಣವು ಮೊದಲನೆಯದನ್ನು ಸಾಧಿಸಿತು. ಎರಡನೆಯದನ್ನು ಸಾಧಿಸುವ ಶಕ್ತಿ ಯಂತ್ರಕ್ಕೆ ಸ್ವಭಾವತಃ ಇಲ್ಲ. ಕೈಬರಹದ ಪುಸ್ತಕದಲ್ಲಿ ಇದ್ದುದನ್ನು ಇದ್ದಂತೆ ತುಂಬಿಕೊಂಡದ್ದರಿಂದ, ಅಲ್ಲಿನ ದೋಷಗಳೂ ಯಂತ್ರವನ್ನು ಸೇರಿದುವು. ಇವುಗಳಲ್ಲಿ ಮುಖ್ಯವಾದ ಮೂರನ್ನು ಪರಿಶೀಲಿಸೋಣ.

ಮೊದಲನೆಯದು ವಿಸ್ತೀರ್ಣದ ವ್ಯತ್ಯಾಸ. ಒಂದು ನಿದರ್ಶನವನ್ನು ಕಲ್ಪಿಸಿಕೊಳ್ಳೋಣ. ಆಕಾರ್‌ಬಂದಿನಲ್ಲಿ 4 ಎಕರೆ 12 ಗುಂಟೆಯೆಂದಿರುವ ಒಂದು ಸರ್ವೆ ನಂಬರಿನಲ್ಲಿ ಮೂವರು ಹಿಸ್ಸೇದಾರರಿದ್ದು, ಅವರ ಪಾಲು ಕ್ರಮವಾಗಿ 1 ಎಕರೆ 18 ಗುಂಟೆ, 1 ಎಕರೆ 14 ಗುಂಟೆ, 1 ಎಕರೆ 20 ಗುಂಟೆ ಎಂದಿಟ್ಟುಕೊಳ್ಳೋಣ. ಮೊತ್ತವು ಸರಿಯಾಗಿಯೇ ಇದೆ. ತುಂಬುವಾಗ ಮೂರನೆಯವನ 20 ಗುಂಟೆಯು 2 ಗುಂಟೆಯಾಗಿಬಿಟ್ಟರೆ ಮೊತ್ತವು 3 ಎಕರೆ 34 ಗುಂಟೆಗೆ ಇಳಿಯುತ್ತದೆ. ಹೊಲದಲ್ಲಿ ಬದು ಅಲುಗಿಲ್ಲ, ತೆಂಗಿನ ಮರಗಳು ನಿಂತಲ್ಲಿಯೇ ನಿಂತಿವೆ. ಕಾಗದದಲ್ಲಿ ಮಾತ್ರ 18 ಗುಂಟೆ ಮಾಯವಾಗಿದೆ. ಹಿಂದೆ ಇಂತಹ ತಪ್ಪನ್ನು ಗ್ರಾಮಲೆಕ್ಕಿಗನು ಮೂಲಪುಸ್ತಕದೊಡನೆ ತಾಳೆ ನೋಡಿ ಅರಿಯಬಹುದಾಗಿತ್ತು. ಈಗ ಆಕಾರ್‌ಬಂದಿಗೂ ಪಹಣಿಗೂ ತಾಳೆಯಿಲ್ಲವೆಂಬ ಕಾರಣದಿಂದ ಪೋಡಿಗೂ ಖಾತೆ ಬದಲಾವಣೆಗೂ ಅಡ್ಡಿಯುಂಟಾಗುತ್ತದೆ. ಮೂರನೆಯವನ ತಪ್ಪಿನಿಂದ ಮೊದಲಿಬ್ಬರೂ ಸಿಕ್ಕಿಕೊಳ್ಳುತ್ತಾರೆ.

ಎರಡನೆಯದು ಪೋಡಿಯಾಗದ ಭೂಮಿ. ಸರ್ಕಾರಿ ಸರ್ವೆ ನಂಬರಿನಲ್ಲಿ ದರಖಾಸ್ತಿನ ಮೂಲಕ ಹಲವರಿಗೆ ಜಮೀನು ಮಂಜೂರಾಗಿರುತ್ತದೆ. ಒಬ್ಬೊಬ್ಬರಿಗೂ ಎಷ್ಟು ಎಂಬುದು ಆಜ್ಞೆಯಲ್ಲಿರುತ್ತದೆ. ಎಲ್ಲಿ ಎಂಬುದು ಅಳತೆಯಾಗಿರುವುದಿಲ್ಲ. ಪಹಣಿಯ ಒಂಬತ್ತನೆಯ ಕಾಲಂನಲ್ಲಿ ಹೆಸರುಗಳ ಸರಮಾಲೆಯೇ ಬೆಳೆದು, ಯಾರ ಗಡಿ ಯಾವುದೆಂಬುದು ಪರಸ್ಪರ ಒಪ್ಪಿಗೆಯಿಂದಷ್ಟೇ ನಡೆಯುತ್ತಿರುತ್ತದೆ. ಇದನ್ನು ಬಿಡಿಸಲು ಮೋಜಣಿದಾರನು ಹೊಲಕ್ಕೆ ಬಂದು ಅಳೆಯಲೇಬೇಕು. ಸರ್ಕಾರವು 2024ರಲ್ಲಿ ‘ನನ್ನ ಭೂಮಿ’ ಎಂಬ ಹೆಸರಿನಿಂದ ದರಖಾಸ್ತು ಪೋಡಿಯ ಅಭಿಯಾನವನ್ನು ಕೈಗೊಂಡದ್ದು ಇದೇ ಕಾರಣಕ್ಕೆ. ಪಹಣಿಯ ಗಣಕೀಕರಣವು ಮುಗಿದು ಎರಡು ದಶಕಗಳಾದ ಮೇಲೆ ಇಂತಹ ಅಭಿಯಾನದ ಅವಶ್ಯಕತೆ ಬಿದ್ದಿತೆಂಬುದೇ ನಮ್ಮ ಮಾತಿಗೆ ಸಾಕ್ಷಿ.

ಮೂರನೆಯದು ಪೌತಿ ಖಾತೆ. ತಂದೆಯೋ ಅಜ್ಜನೋ ತೀರಿಹೋಗಿ ಎಷ್ಟೋ ವರ್ಷಗಳಾದರೂ ಪಹಣಿಯಲ್ಲಿ ಅವರ ಹೆಸರೇ ಇರುತ್ತದೆ. ಮಕ್ಕಳು ಬಾಯಿಮಾತಿನಲ್ಲಿ ಪಾಲು ಮಾಡಿಕೊಂಡು ಉಳುತ್ತಿರುತ್ತಾರೆ. ಹೆಸರು ಬದಲಿಸಬೇಕಾದರೆ ಮರಣ ಪ್ರಮಾಣಪತ್ರ ಬೇಕು, ವಂಶವೃಕ್ಷ ಬೇಕು. ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರು ಬರಬೇಕು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕಿದೆಯೆಂದು 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯು ವಿಧಿಸಿದೆ. ಆದಾಗ್ಯೂ ಮದುವೆಯಾಗಿ ಹೋದ ಮಗಳ ಹೆಸರನ್ನು ಬಿಟ್ಟು ವಂಶವೃಕ್ಷವನ್ನು ಬರೆಸಿದರೆ, ಯಂತ್ರಕ್ಕೆ ಅದು ತಿಳಿಯುವ ಬಗೆಯಿಲ್ಲ. ಚಾವಡಿಯಲ್ಲಿ ಅಂಟಿಸಿದ ನೋಟೀಸು ಬೇರೆ ಊರಿನಲ್ಲಿರುವ ಆಕೆಗೆ ಮುಟ್ಟುವುದೂ ಇಲ್ಲ. ಆಕ್ಷೇಪಣೆಯ ಕಾಲಾವಧಿಯನ್ನು ತಗ್ಗಿಸುವಾಗಲೆಲ್ಲ ಈ ಸಂಗತಿಯನ್ನು ಗಮನಿಸಬೇಕು: ವೇಗದಿಂದ ಅರ್ಜಿದಾರನಿಗೆ ಲಾಭವಾಗುವುದುಂಟು, ಅರ್ಜಿಯ ಸುದ್ದಿಯೇ ತಿಳಿಯದವರಿಗೆ ಅದರಿಂದ ನಷ್ಟವಾಗುವುದೂ ಉಂಟು.

6. ನಮೂದಿನ ಭಾರ ಹೆಚ್ಚಿದೆ

ಹಿಂದೆ ಪಹಣಿಯಲ್ಲಿನ ತಪ್ಪು ಬಹುಕಾಲ ನಿರುಪದ್ರವಿಯಾಗಿ ಮಲಗಿರುತ್ತಿತ್ತು. ಮಾರುವಾಗಲೋ ಸಾಲ ಪಡೆಯುವಾಗಲೋ ಮಾತ್ರ ಅದು ಎಚ್ಚರಗೊಳ್ಳುತ್ತಿತ್ತು. ಈಗ ಹಾಗಿಲ್ಲ. ರೈತನ ಗುರುತಿನ ಸಂಖ್ಯೆಯನ್ನು ನೀಡುವ ‘ಫ್ರೂಟ್ಸ್’ ವ್ಯವಸ್ಥೆಯು ಪಹಣಿಯನ್ನೇ ಆಧರಿಸಿದೆ. ಬೆಂಬಲ ಬೆಲೆಯಲ್ಲಿ ರಾಗಿಯನ್ನೂ ಕೊಬ್ಬರಿಯನ್ನೂ ಕೊಳ್ಳುವಾಗ ಈ ಸಂಖ್ಯೆಯನ್ನು ಕೇಳುತ್ತಾರೆ. ಬೆಳೆ ವಿಮೆಗೂ ಬರ ಪರಿಹಾರಕ್ಕೂ ಇದೇ ಆಧಾರ. ಕೈದೂರವಾಣಿಯ ಮೂಲಕ ನಡೆಯುವ ಬೆಳೆ ಸಮೀಕ್ಷೆಯ ಫಲಿತವೂ ಸರ್ವೆ ನಂಬರಿಗೇ ಅಂಟಿಕೊಳ್ಳುತ್ತದೆ. ಆದಕಾರಣ ತೀರಿಹೋದ ಅಜ್ಜನ ಹೆಸರಿನಲ್ಲಿ ಪಹಣಿಯುಳ್ಳ ಮೊಮ್ಮಗನು ತಾನೇ ಬೆಳೆದ ರಾಗಿಯನ್ನು ಖರೀದಿ ಕೇಂದ್ರಕ್ಕೆ ತಂದಾಗ, ಕಾಗದದ ಮಟ್ಟಿಗೆ ಅವನು ರೈತನೇ ಅಲ್ಲವೆಂಬಂತಾಗುತ್ತದೆ. ಒಂದು ನಮೂದಿನ ಮೇಲೆ ಹತ್ತು ಸೇವೆಗಳನ್ನು ಕಟ್ಟಿದಾಗ, ಆ ನಮೂದಿನ ತಪ್ಪು ಹತ್ತು ತಪ್ಪುಗಳಾಗುತ್ತದೆ. ಇದು ಗಣಕೀಕರಣವು ವಿಸ್ತಾರಗೊಂಡಂತೆಲ್ಲ ಎದುರಿಸಬೇಕಾದ ಮೂಲಭೂತ ಸಮಸ್ಯೆ.

ಭೂಮಿಯ ಬೆಲೆ ಏರುತ್ತಿರುವ ಕಡೆ ಇನ್ನೊಂದು ಪರಿಣಾಮವನ್ನೂ ಕಾಣುತ್ತೇವೆ. ಪಹಣಿಯು ಎಲ್ಲರಿಗೂ ತೆರೆದಿರುವುದರಿಂದ ಬಡರೈತನಿಗೆ ಅನುಕೂಲವಾದಂತೆ, ದೂರದಿಂದ ಜಮೀನು ಅರಸುವ ಹಣವಂತನಿಗೂ ಅನುಕೂಲವಾಯಿತು. ಯಾವ ಸರ್ವೆ ನಂಬರಿನ ಹಕ್ಕು ನಿಷ್ಕಂಟಕವಾಗಿದೆ, ಯಾರ ಮೇಲೆ ಸಾಲದ ಹೊರೆಯಿದೆ ಎಂಬುದನ್ನು ಅವನು ಊರಿಗೆ ಬಾರದೆಯೇ ಅರಿಯಬಲ್ಲ. ಸೋಲೊಮನ್ ಬೆಂಜಮಿನ್ ಮತ್ತು ಅವರ ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನವು ಬೆಂಗಳೂರಿನ ಸುತ್ತಣ ಪ್ರದೇಶದ ವಿಷಯದಲ್ಲಿ ಇಂತಹ ಟೀಕೆಯನ್ನೇ ಮುಂದಿಟ್ಟಿತು. ಆ ಟೀಕೆಯನ್ನು ಪೂರ್ತಿಯಾಗಿ ಒಪ್ಪಬೇಕಾಗಿಲ್ಲ. ದಾಖಲೆಯನ್ನು ಮತ್ತೆ ಮುಚ್ಚಿಡುವುದು ಪರಿಹಾರವೂ ಅಲ್ಲ. ಆದರೆ ರಾಜಧಾನಿಯ ಸಮೀಪದ ಕುಣಿಗಲ್ಲಿನಂತಹ ತಾಲ್ಲೂಕಿನಲ್ಲಿ ಅದನ್ನು ಅಲಕ್ಷಿಸುವಂತೆಯೂ ಇಲ್ಲ.

7. ತಿದ್ದುಪಡಿಯ ದಾರಿ

ತಪ್ಪು ಸಂಭವಿಸುವುದು ಎಲ್ಲ ವ್ಯವಸ್ಥೆಗಳಲ್ಲಿಯೂ ಸಹಜ. ತಿದ್ದುವ ದಾರಿ ಎಷ್ಟು ಹತ್ತಿರವಾಗಿದೆ, ಎಷ್ಟು ಸುಲಭವಾಗಿದೆ ಎಂಬುದರಿಂದ ವ್ಯವಸ್ಥೆಯ ಯೋಗ್ಯತೆಯನ್ನು ಅಳೆಯಬೇಕು. ನಮ್ಮಲ್ಲಿ ಪ್ರತಿ ಪಡೆಯುವ ದಾರಿಯು ಹತ್ತಿರ ಹತ್ತಿರ ಬಂದಿತು: ತಾಲ್ಲೂಕಿನಿಂದ ಹೋಬಳಿಗೆ, ಹೋಬಳಿಯಿಂದ ಗ್ರಾಮ ಪಂಚಾಯಿತಿಗೆ, ಅಲ್ಲಿಂದ ಅಂಗೈಗೆ. ತಿದ್ದುಪಡಿಯ ದಾರಿಯು ಹಾಗೆ ಸಾಗಿಬರಲಿಲ್ಲ. ಖಾತೆ ಬದಲಾವಣೆಯ ಆಜ್ಞೆಯಿಂದ ನೊಂದವನು ಭೂಕಂದಾಯ ಕಾಯಿದೆಯ 136ನೆಯ ಪ್ರಕರಣದನ್ವಯ ಉಪವಿಭಾಗಾಧಿಕಾರಿಗೆ ಅಪೀಲು ಮಾಡಿಕೊಳ್ಳಬೇಕು. ಅಲ್ಲಿಂದ ಮುಂದೆ ಜಿಲ್ಲಾಧಿಕಾರಿಗೆ ಪುನರ್ವಿಮರ್ಶೆಯ ಅರ್ಜಿ. ಹಕ್ಕಿನ ಬಗೆಗೇ ವಿವಾದವಿದ್ದರೆ ಸಿವಿಲ್ ನ್ಯಾಯಾಲಯವೇ ಗತಿ. ಹುಲಿಯೂರುದುರ್ಗದ ಕಡೆಯ ರೈತನಿಗೆ ಉಪವಿಭಾಗದ ಕಚೇರಿಯಿರುವ ತುಮಕೂರು ನಗರವು ಐವತ್ತು ಕಿಲೋಮೀಟರುಗಳಿಗೂ ದೂರ. ಪ್ರತಿ ವಾಯಿದೆಗೂ ಒಂದು ದಿನದ ಕೂಲಿ, ಬಸ್ಸಿನ ಚಾರ್ಜು, ವಕೀಲರ ಶುಲ್ಕ. ಪ್ರತಿಯು ಕೈಗೆ ಬರಲು ನಿಮಿಷಗಳು, ಅದರಲ್ಲಿನ ತಪ್ಪು ಹೋಗಲು ವರ್ಷಗಳು ಎಂಬಂತಾದರೆ, ಸೇವೆಯು ಅರ್ಧವಷ್ಟೇ ಸಂದಂತೆ.

ಸಕಾಲದಲ್ಲಿ ಕೆಲಸ ನಡೆಯಲೆಂದು 2011ರಲ್ಲಿ ಕಾಯಿದೆಯಾಗಿ, 2012ರ ಏಪ್ರಿಲ್ 2ರಿಂದ ರಾಜ್ಯಾದ್ಯಂತ ಜಾರಿಗೆ ಬಂದ ‘ಸಕಾಲ’ ವ್ಯವಸ್ಥೆಯು ಸ್ತುತ್ಯವಾದ ಪ್ರಯತ್ನ. ನಿಗದಿಯಾದ ದಿನಗಳೊಳಗೆ ಸೇವೆ ದೊರೆಯದಿದ್ದರೆ ದಿನಕ್ಕೆ 20 ರೂಪಾಯಿಯಂತೆ, 500 ರೂಪಾಯಿ ಮೀರದಂತೆ, ಅರ್ಜಿದಾರನಿಗೆ ಪರಿಹಾರ ಸಲ್ಲಬೇಕೆಂದು ಅದು ವಿಧಿಸಿತು. ಆದರೆ ಸಕಾಲವು ಎಣಿಸುವುದು ದಿನಗಳನ್ನು. ಅರ್ಜಿಯನ್ನು ಅವಧಿಯೊಳಗೆ ತಿರಸ್ಕರಿಸಿದರೂ ಅದು ವಿಲೆಯಾದಂತೆಯೇ ಲೆಕ್ಕ. ಕೆಲಸ ಸರಿಯಾಗಿ ಆಯಿತೇ ಎಂಬುದನ್ನು ಅಳೆಯುವ ಮಾನದಂಡ ಇನ್ನೂ ರೂಪುಗೊಳ್ಳಬೇಕಾಗಿದೆ.

8. ಮುಂದಿನ ಕ್ರಮ

ಸರ್ಕಾರವು ಈ ಕೊರತೆಗಳನ್ನು ಅರಿಯದೆ ಇಲ್ಲ. 2024ರಲ್ಲಿ ಆರಂಭವಾದ ‘ಭೂಸುರಕ್ಷಾ’ ಯೋಜನೆಯಲ್ಲಿ ತಾಲ್ಲೂಕು ಕಚೇರಿಗಳ ದಾಖಲೆ ಕೊಠಡಿಗಳಲ್ಲಿರುವ ಹಳೆಯ ಕಡತಗಳನ್ನು ಬಿಂಬಗ್ರಹಣ ಮಾಡಿ ರಕ್ಷಿಸುವ ಕೆಲಸ ನಡೆದಿದೆ. 2025ರಲ್ಲಿ ‘ಇ-ಪೌತಿ’ ಆಂದೋಲನವು ಮೊದಲಾಗಿದೆ. ಇವು ಎರಡೂ ಪ್ರತಿಯಿಂದ ಮೂಲದ ಕಡೆಗೆ ತಿರುಗಿದ ಹೆಜ್ಜೆಗಳು, ಆದುದರಿಂದ ಸ್ವಾಗತಾರ್ಹ. ಇವುಗಳ ಜೊತೆಗೆ ನಾಲ್ಕು ಕ್ರಮಗಳನ್ನು ಪರಿಶೀಲಿಸಬಹುದೆಂದು ನಮಗೆ ತೋರುತ್ತದೆ.

ಒಂದನೆಯದಾಗಿ, ಬರವಣಿಗೆಯ ತಪ್ಪನ್ನೂ ಹಕ್ಕಿನ ವಿವಾದವನ್ನೂ ಬೇರ್ಪಡಿಸಬೇಕು. ಅಕ್ಷರವೋ ಅಂಕಿಯೋ ಮೂಲಪುಸ್ತಕಕ್ಕೆ ವಿರುದ್ಧವಾಗಿ ಯಂತ್ರದಲ್ಲಿ ಸೇರಿದ್ದರೆ, ಮೂಲದ ಬಿಂಬವನ್ನು ಎದುರಿಗಿಟ್ಟುಕೊಂಡು ಹೋಬಳಿಯ ಮಟ್ಟದಲ್ಲಿಯೇ ಅದನ್ನು ತಿದ್ದುವಂತಿರಬೇಕು. ಅಪೀಲಿನ ಕಚೇರಿಯು ನಿಜವಾದ ವಿವಾದಗಳಿಗೆ ಮೀಸಲಾಗಿರಲಿ.

ಎರಡನೆಯದಾಗಿ, ವರ್ಷಕ್ಕೊಮ್ಮೆ ಗ್ರಾಮಸಭೆಯಲ್ಲಿ ಪಹಣಿಯ ಒಂಬತ್ತನೆಯ ಕಾಲಂ ಅನ್ನು ಎಲ್ಲರ ಎದುರಿಗೆ ಓದಬೇಕು. ಓದುಬಾರದವನಿಗೂ ತನ್ನ ಹೆಸರು ಕಿವಿಗೆ ಬಿದ್ದರೆ ಸರಿ-ತಪ್ಪು ತಿಳಿಯುತ್ತದೆ. ಶಾನುಭೋಗರ ಕಾಲದಲ್ಲಿ ಊರಿನ ಅರಿವು ಒಬ್ಬನಲ್ಲಿ ನೆಲೆಸಿತ್ತು. ಈಗ ಅದನ್ನು ಊರಿನ ಸಭೆಯಿಂದ ಪಡೆಯಬೇಕು.

ಮೂರನೆಯದಾಗಿ, ಪೌತಿ ಖಾತೆಯ ನೋಟೀಸು ವಂಶವೃಕ್ಷದಲ್ಲಿ ಬರಬೇಕಾದ ಪ್ರತಿಯೊಬ್ಬರಿಗೂ, ವಿಶೇಷವಾಗಿ ಹೆಣ್ಣುಮಕ್ಕಳಿಗೆ, ಅವರಿರುವಲ್ಲಿಗೆ ತಲುಪುವಂತಾಗಬೇಕು. ತಲುಪಿದುದಕ್ಕೆ ರುಜುವಾತಿಲ್ಲದೆ ಆಜ್ಞೆ ಆಗಕೂಡದು.

ನಾಲ್ಕನೆಯದಾಗಿ, ಮೋಜಣಿದಾರರ ಸಂಖ್ಯೆಯೂ ತರಬೇತಿಯೂ ಹೆಚ್ಚಬೇಕು. ಉತ್ತಮವಾದ ತಂತ್ರಾಂಶವು ಅಳತೆಯನ್ನು ಬರೆದಿಡಬಲ್ಲದು; ಅಳೆಯುವವನು ಬದುವಿನ ಮೇಲೆ ನಡೆಯಲೇಬೇಕು.

ಒಟ್ಟಿನಲ್ಲಿ ಹೇಳುವುದಾದರೆ, ಪಹಣಿಯ ಗಣಕೀಕರಣವು ಕರ್ನಾಟಕದ ಆಡಳಿತದಲ್ಲಿ ಒಂದು ನಿಜವಾದ ಸಾಧನೆ. ರೈತನು ತನ್ನ ಕಾಗದಕ್ಕಾಗಿ ಮತ್ತೊಬ್ಬನ ಮನೆಬಾಗಿಲಲ್ಲಿ ನಿಲ್ಲುವುದನ್ನು ಅದು ತಪ್ಪಿಸಿತು. ಆದರೆ ಸತ್ಯವೆಂದು ಭಾವಿಸತಕ್ಕದ್ದೆಂದು ಕಾನೂನು ಹೇಳುವ ನಮೂದು ನಿಜವಾಗಿಯೂ ಸತ್ಯವಾಗಿರುವಂತೆ ನೋಡಿಕೊಳ್ಳುವುದು ಆಡಳಿತದ ಹೊಣೆ. ಹೊಸ ಸೇವೆಗಳನ್ನು ಪಹಣಿಯ ಮೇಲೆ ಕಟ್ಟುವವರು ತಳಹದಿಯ ಕಲ್ಲನ್ನು ಮೊದಲು ಪರೀಕ್ಷಿಸಲಿ ಎಂಬುದೇ ಈ ಲೇಖನದ ತಾತ್ಪರ್ಯ.